ಬೋರ್ಡಲ್ಲಿ 8000 ಅಂತಿದೆ, ಆದ್ರೂ ನಿದ್ದೆ ಬರ್ತಿಲ್ಲ

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು.

ಗೋಡೌನಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿರೋ ಒಬ್ರು, 'ರ' ಅಂತ ಇಟ್ಕೊಳ್ಳೋಣ, ಹೆಂಡ್ತಿ ಬಲವಂತಕ್ಕೆ ನನ್ನ ಹತ್ರ ಕೌನ್ಸೆಲಿಂಗಿಗೆ ಬಂದಿದ್ರು. ರಾತ್ರಿ ಮೂರಕ್ಕೆ ಎಚ್ಚರ ಆಗತ್ತೆ, ಕಬ್ಬಿಣ ಬಿದ್ದ ಸದ್ದು ಕೇಳಿದಂಗಾಗತ್ತೆ, ಶಿಫ್ಟ್ ಮುಗಿಸಿ ಗೇಟ್ ತನಕ ಬಂದವರು ಮತ್ತೆ ವಾಪಸ್ ಹೋಗಿ ಒಂದೇ ರ‍್ಯಾಕ್ ಮುಂದೆ ನಿಂತ್ಕೊಳ್ತಾರೆ, ದಿನಾ ಮೂರ್ನಾಲ್ಕು ಸಲ. ಮ್ಯಾನೇಜರ್ 'ಪುಕ್ಕಲ' ಅಂತ ಕರೀತಾರಂತೆ. ನಾನು ಮೊದಲ ದಿನ ಬರ್ಕೊಂಡಿದ್ದು: ಆತಂಕ, ಪದೇಪದೇ ಚೆಕ್ ಮಾಡೋ ಅಭ್ಯಾಸ. ಆ ನೋಟ್ ಈಗ ಓದಿದ್ರೆ ನಂಗೇ ನಾಚ್ಕೆ ಆಗತ್ತೆ.

ಎರಡನೇ ಸಲ ಬಂದಾಗ ಸುಮ್ನೆ ಕೇಳ್ದೆ, ಅಷ್ಟೊಂದ್ ಸಲ ಹೋಗ್ತೀರಲ್ಲ, ಅಲ್ಲಿ ನೋಡೋದೇನು ಅಂತ. ನನ್ನ ಫಾರಂ ತಿರುಗಿಸಿ ಹಿಂದೆ ಅಲ್ಲಿರೋ ಭಾರದ ಮಿತಿಯ ಬೋರ್ಡ್ ಬರೆದ್ರು: ಒಂದು ಲೆವೆಲ್‌ಗೆ 2000 ಕೆಜಿ, ಇಡೀ 'ಬೇ'ಗೆ (ಕಂಬಗಳ ನಡುವಿನ ಒಂದು ಪೂರ್ತಿ ಖಾನೆ) 8000 ಕೆಜಿ, ಮೊದಲ ಬೀಮ್ (ಕಂಬಗಳಿಗೆ ಸಿಗಿಸಿರೋ ಅಡ್ಡಪಟ್ಟಿ) ಎತ್ತರ 1500 ಮಿಮೀ. ಹೊಸ ಹುಡುಗ್ರು 2000 ನೋಡಿ ಮಾಲು ಪೇರಿಸಿಡೋ ಒಂದೊಂದು ಪ್ಯಾಲೆಟ್‌ಗೂ 2000 ಅನ್ಕೊಳ್ತಾರೆ ಮೇಡಂ, ಅದು ಒಂದು ಜೊತೆ ಬೀಮ್ ಹೊರೋ ಒಟ್ಟು ತೂಕ, ಎರಡು ಪ್ಯಾಲೆಟ್ ಇಟ್ರೆ ತಲಾ 1000, ಅದ್ರಲ್ಲೂ ಮರದ ಪ್ಯಾಲೆಟ್‌ದೇ ಇಪ್ಪತ್ತೈದು ಕೆಜಿ ಹತ್ರ ಹೋಗತ್ತೆ, ಅದೂ ಭಾರ ಎರಡೂ ಕಡೆ ಸಮ ಹಂಚಿದ್ರೆ ಮಾತ್ರ ಅಂದ್ರು. ನೆಲದ ಮೇಲಿರೋ ಪ್ಯಾಲೆಟ್ ಲೆಕ್ಕಕ್ಕಿಲ್ಲ, ಅದನ್ನ ಹೊರೋದು ನೆಲ.

ಇದೆಲ್ಲ ಹೇಳೋವಾಗ ಅವ್ರ ಕೈ ನಡುಗ್ತಾ ಇರ್ಲಿಲ್ಲ. ಅಲ್ಲಿ ತನಕ ನೀರಿನ ಲೋಟ ಹಿಡ್ಕೊಳ್ಳೋಕೂ ಒದ್ದಾಡ್ತಿದ್ರು.

ಹಾಗಾದ್ರೆ ಭಯ ಎಲ್ಲಿ? 1500 ಅಂತ ಬರೆದ ಸಾಲಿನ ಕೆಳಗೆ ಪೆನ್ನಲ್ಲಿ ಎರಡು ಗೀಟು ಎಳೆದ್ರು. ಎತ್ತರದ ಪೆಟ್ಟಿಗೆಗಳು ಬಂದ್ವು ಅಂತ ಕೆಲವು ತಿಂಗಳ ಹಿಂದೆ ಕೆಳಗಿನ ಜೋಡಿ ಬೀಮ್ ತೆಗೆದಿದ್ರಂತೆ, ಈಗ ಮೊದಲ ಬೀಮ್ ಇರೋದು 3000ದಲ್ಲಿ, ಬೋರ್ಡ್ ಮಾತ್ರ ಹಳೇದೇ. ಮ್ಯಾನೇಜರ್ ವಾದ ಏನಂದ್ರೆ ನಾಲ್ಕು ಲೆವೆಲ್ ಇದ್ದದ್ದು ಮೂರಾಯ್ತು, ಭಾರ 6000ಕ್ಕೆ ಇಳೀತು, ಇನ್ನೂ ಸೇಫೇ ಆಯ್ತಲ್ಲ? ನಂಗೂ ಸರಿ ಅನ್ನಿಸ್ತು ಕಣ್ರೀ. ಆಗ ಅವರು ನನ್ನ ಮೇಜಿನ ಪ್ಲಾಸ್ಟಿಕ್ ಸ್ಕೇಲ್ ನೆಟ್ಟಗೆ ನಿಲ್ಸಿ ತುದಿ ಮೇಲೆ ಒತ್ತಿದ್ರು, ಬಿಲ್ಲಿನ ಹಾಗೆ ಬಾಗ್ತು. ಆಮೇಲೆ ಇನ್ನೊಂದ್ ಕೈಯ ಎರಡು ಬೆರಳಲ್ಲಿ ನಡುವೆ ಹಿಡ್ಕೊಂಡು ಅಷ್ಟೇ ಒತ್ತಿದ್ರು, ನಿಂತ್ಕೊಳ್ತು. "ಈ ಬೆರಳೇ ಮೇಡಂ ನಾವು ತೆಗೆದ ಬೀಮ್."

ಬೀಮ್ ಪ್ಯಾಲೆಟ್ ಹೊರೋದಷ್ಟೇ ಅಲ್ಲ, ಕಂಬ ಬಾಗದ ಹಾಗೆ ಹಿಡ್ಕೊಂಡೂ ಇರತ್ತೆ. ಆಧಾರ ಇಲ್ಲದ ಉದ್ದ ಎರಡು ಪಟ್ಟಾದ್ರೆ ಸಪೂರ ಕಂಬದ ಶಕ್ತಿ ಸಿದ್ಧಾಂತದಲ್ಲಿ ಕಾಲು ಭಾಗಕ್ಕಿಳಿಯತ್ತೆ, 18ನೇ ಶತಮಾನದ ಗಣಿತಜ್ಞ ಆಯ್ಲರ್ ಸೂತ್ರ ಇದು, ನಿಜವಾದ ರ‍್ಯಾಕಿಗೆ ಎಷ್ಟು ಅಂತ ತಯಾರಿಸಿದವರೇ ಹೇಳ್ಬೇಕು.

ಅಂದ್ರೆ ನನ್ನೆದುರು ಕೂತಿದ್ದು ಕಾಯಿಲೆ ಅಲ್ಲ, ಸರಿಯಾದ ಲೆಕ್ಕ. ಆದ್ರೂ ಇಷ್ಟು ಗೊತ್ತಿರೋರು ಯಾಕೆ ಬಾಯಿ ಮುಚ್ಕೊಂಡಿದ್ರು? ತುಂಬಾ ಹೊತ್ತು ಸುಮ್ನಿದ್ದು ಹೇಳಿದ್ರು, ಬೀಮ್ ತೆಗೆಸಿದ್ದು ನಾನೇ, ಸ್ಲಿಪ್ ಮೇಲೆ ಸಹಿ ನಂದೇ, ಲೆಕ್ಕ ಹೊಳೆದಿದ್ದು ಆಮೇಲೆ.

ನಾನು ಕೊಟ್ಟ ಸಲಹೆ ಹೇಳ್ತೀನಿ. ಉಸಿರಾಟದ ವ್ಯಾಯಾಮ ಆಮೇಲೆ ನೋಡೋಣ, ಇವತ್ತೇ ಹೋಗಿ ಆ 'ಬೇ'ಗೆ ಹೊಸ ಮಾಲು ನಿಲ್ಸಿ, ಇರೋದನ್ನ ಮೇಲಿಂದ ಕೆಳಕ್ಕೆ ಇಳಿಸಿ, ಯಾರೂ ಹತ್ರ ಹೋಗದ ಹಾಗೆ ಟೇಪ್ ಕಟ್ಟಿಸಿ, ಅದು ನಿಮ್ಮ ಅಧಿಕಾರದಲ್ಲೇ ಇದೆ. ಮ್ಯಾನೇಜರ್‌ಗೆ ಬರಹದಲ್ಲಿ ಕೊಡಿ, ಬೇ ನಂಬರ್, ಹಳೇ ಎತ್ತರ, ಈಗಿನ ಎತ್ತರ, ಬೋರ್ಡಲ್ಲಿರೋದು, ರ‍್ಯಾಕ್ ಕಂಪನಿಯಿಂದ ಹೊಸ ಲೆಕ್ಕ ಬೇಕು ಅನ್ನೋದು, ಅಷ್ಟೇ. 'ಜೀವ ಹೋಗತ್ತೆ' ಅಂತೆಲ್ಲ ಬೇಡ, ನಿಮ್ಮನ್ನ ಪುಕ್ಕಲ ಅನ್ನೋಕೆ ಅವ್ರಿಗೆ ಇನ್ನೊಂದು ನೆಪ ಸಿಗತ್ತೆ. ಆದ್ರೆ 'ಬೀಮ್ ತೆಗೆಸಿದ್ದು ನಾನು' ಅನ್ನೋ ಸಾಲು ಇರ್ಲೇಬೇಕು ಅಂದೆ. ಇದಕ್ಕೆ ಒಪ್ಪೋಕೆ ಇನ್ನೊಂದು ಸೆಶನ್ ಹಿಡೀತು, ಬೇ ಮಾತ್ರ ಆ ಸಂಜೆನೇ ಖಾಲಿ ಮಾಡಿಸಿದ್ರು. ಇನ್ನು ಚೆಕ್ ಮಾಡೋದು ಶಿಫ್ಟಿಗೆ ಒಂದೇ ಸಲ, ಕಂಬಕ್ಕೆ ಏಟು ಬಿದ್ದಿದ್ಯಾ, ಬೀಮಿನ ಲಾಕ್ ಪಿನ್ ಇದ್ಯಾ ನೋಡಿ ರಿಜಿಸ್ಟರಲ್ಲಿ ಬರೆದು ಮುಂದಿನವ್ರಿಗೆ ಒಪ್ಪಿಸಿ ಹೊರಡೋದು, ಗೇಟಿಂದ ವಾಪಸ್ ಹೋಗೋ ಹಾಗಿಲ್ಲ.

ಹೊಸ ಬೋರ್ಡ್ ಬಂದಾಗ ಬೇ ಲೋಡ್ 3600 ಅಂತಿತ್ತು. ಮ್ಯಾನೇಜರ್ ಈಗ್ಲೂ ಪುಕ್ಕಲ ಅಂತಾನೇ ಕರೀತಾರಂತೆ. ಮೂರಕ್ಕೆ ಎಚ್ಚರ ವಾರಕ್ಕೊಂದ್ಸಲ ಆಗತ್ತೆ, ಮಗ್ಗುಲು ಬದಲಾಯಿಸಿ ಮಲ್ಕೋತೀನಿ ಅಂದ್ರು.