ಎಚ್-ಇಂಡೆಕ್ಸ್ 6 ಅಂದರೆ ಕೆಲಸ ಸಣ್ಣದು ಅಂತಲ್ಲ

ಮಧ್ಯಯುಗದ ಇತಿಹಾಸಕಾರರೊಬ್ಬರು 3 ಪುಸ್ತಕ, 20 ಲೇಖನ ಬರೆದರೂ ಎಚ್-ಇಂಡೆಕ್ಸ್ (ಬರಹಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನೋದರ ಅಳತೆ) ಬರೀ 6 ಇದೆ, ಅವರ ಸಂಶೋಧನೆಗೆ ಬೆಲೆ ಇಲ್ವಾ ಅಂತ ಕೇಳಿದ್ದೀರಿ. ಖಂಡಿತ ಇದೆ.

6 ಅಂದರೆ, ತಲಾ 6 ಸಲವಾದರೂ ಉಲ್ಲೇಖವಾದ 6 ಬರಹಗಳಿವೆ ಅಂತ, ಅಷ್ಟೇ. ಒಂದು ಪುಸ್ತಕವನ್ನು 300 ಕಡೆ ಉಲ್ಲೇಖಿಸಿದ್ದರೂ ಇಲ್ಲಿ ಅದು ಒಂದೇ ಲೆಕ್ಕ. 2005ರಲ್ಲಿ ಈ ಅಳತೆ ಕೊಟ್ಟವರು ಭೌತವಿಜ್ಞಾನಿ. ಆದರೆ ಇತಿಹಾಸದಲ್ಲಿ ಎಷ್ಟೋ ವರ್ಷಗಳ ದುಡಿಮೆ ಒಂದೇ ಪುಸ್ತಕಕ್ಕೆ ಹೋಗುತ್ತದೆ ಅಲ್ವಾ?

ಎಣಿಕೆಯಲ್ಲೂ ತುಂಬಾ ಸೋರುತ್ತದೆ. ಉಲ್ಲೇಖಗಳನ್ನು ಎಣಿಸುವ ದತ್ತಸಂಚಯ ವೆಬ್ ಆಫ್ ಸೈನ್ಸ್ ಪುಸ್ತಕಗಳಿಗೆ ಬೇರೆ ಸೂಚಿ ತಂದಿದ್ದೇ 2011ರಲ್ಲಿ. ಇಂಗ್ಲಿಷ್ ಅಲ್ಲದ ಪುಸ್ತಕಗಳ ಅಡಿಟಿಪ್ಪಣಿಗಳು ಇವತ್ತಿಗೂ ಜಾಸ್ತಿ ತಪ್ಪಿಹೋಗುತ್ತವೆ. ನನಗೆ ಹೆಚ್ಚು ಬೇಸರ ತರುವುದು ಗ್ರಂಥ ಸಂಪಾದನೆಯ ಗತಿ. ನಾಲ್ಕೈದು ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ ಒಬ್ಬರು ಪಾಠ ಸಿದ್ಧಪಡಿಸುತ್ತಾರೆ. ಅದನ್ನು ಬಳಸುವವರು ಎಷ್ಟೋ ಸಲ ಮೂಲ ಲೇಖಕನ ಹೆಸರನ್ನಷ್ಟೇ ಬರೆಯುತ್ತಾರೆ. ಸಂಪಾದಕರ ಖಾತೆಗೆ ಏನೂ ಸೇರುವುದಿಲ್ಲ.

ಕಾಲವನ್ನೂ ನೋಡಿ. ಊಳಿಗಮಾನ್ಯ ಸಮಾಜದ ಬಗ್ಗೆ ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ 1939-40ರಲ್ಲಿ ಪ್ರಕಟಿಸಿದ್ದನ್ನು ಈಗಲೂ ಉಲ್ಲೇಖಿಸುತ್ತಾರೆ. ಬರೀ ಐದು ವರ್ಷದ ಉಲ್ಲೇಖಗಳ ಲೆಕ್ಕ ಇಲ್ಲಿ ಸಾಲದು.

ಸುಮ್ನೆ ಅಂಕಿ ನೋಡಬೇಡಿ. ಅವರ ಪುಸ್ತಕಗಳ ವಿಮರ್ಶೆ ಯಾವ ಜರ್ನಲ್‌ಗಳಲ್ಲಿ ಬಂದಿದೆ ಹುಡುಕಿ. ಆಮೇಲೆ ಅವರನ್ನು ಉಲ್ಲೇಖಿಸಿದ ನಾಲ್ಕು ಲೇಖನ ತೆರೆದು, ಅವರ ವಾದದ ಜೊತೆ ಚರ್ಚೆ ನಡೆಸಿದ್ದಾರೋ, ಬರೀ ಹೆಸರು ಸೇರಿಸಿದ್ದಾರೋ ಗಮನಿಸಿ.