ಪ್ರತಿಕ್ರಿಯೆ: ಮೆಗಸ್ತನೀಸನ ‘ಏಳು ವರ್ಗಗಳು’ ತುಣುಕು 33ರಲ್ಲೋ, 19ರಲ್ಲೋ?

ಮೌರ್ಯರ ಕಾಲದಲ್ಲಿ ಭಾರತಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಪುಸ್ತಕ ಕಳೆದುಹೋಗಿದೆ; ಬೇರೆ ಲೇಖಕರು ಉಳಿಸಿಕೊಟ್ಟ ಭಾಗಗಳನ್ನೇ ‘ತುಣುಕು’ ಅನ್ನೋದು. ಭಾರತೀಯ ಸಮಾಜದ ಏಳು ವರ್ಗಗಳ ಬಗ್ಗೆ ಅವನು ಹೇಳಿದ್ದಕ್ಕೆ ಯಾವ ತುಣುಕಿನ ಸಂಖ್ಯೆ ಕೊಡಬೇಕು ಅಂತ ಕೇಳಿದ್ದೀರಿ. ಎರಡೂ ಸರಿ, ತುಣುಕುಗಳ ಸಂಕಲನಗಳು ಬೇರೆ ಅಷ್ಟೆ. 33 ಅನ್ನೋದು ಸಂಕಲನಕಾರ ಶ್ವಾನ್‌ಬೆಕ್ 1846ರಲ್ಲಿ ಕೊಟ್ಟ ಸಂಖ್ಯೆ. ಮ್ಯಾಕ್‌ಕ್ರಿಂಡಲ್‌ನ 1877ರ ಇಂಗ್ಲಿಷ್ ಅನುವಾದವೂ ಅದನ್ನೇ ಹಿಡಿದಿದೆ. 19 ಯಾಕೋಬಿಯದು; ಗ್ರೀಕ್ ಇತಿಹಾಸಕಾರರ ತುಣುಕುಗಳ ಅವನ ಸಂಕಲನದಲ್ಲಿ ಪ್ರತಿ ಲೇಖಕನಿಗೂ ಒಂದು ಕ್ರಮಾಂಕವಿದೆ, ಮೆಗಸ್ತನೀಸನದು 715.

ಮೊದಲು ತುಣುಕಿನ ಸಂಖ್ಯೆ ಬದಿಗಿಟ್ಟು, ಅದನ್ನು ಉಳಿಸಿಕೊಟ್ಟ ಲೇಖಕನನ್ನು ಹಿಡಿಯಿರಿ: ನಿಮ್ಮ ಭಾಗ ಗ್ರೀಕ್ ಭೂಗೋಳಕಾರ ಸ್ಟ್ರಾಬೊನ 15.1.39ರಿಂದ (ಸಂಪುಟ, ಅಧ್ಯಾಯ, ಪರಿಚ್ಛೇದ) ಶುರುವಾಗುತ್ತದೆ. ಆಮೇಲೆ ಗ್ರೀಕ್ ಇತಿಹಾಸಕಾರ ಅರಿಯನ್‌ನ ‘ಇಂಡಿಕಾ’ 11–12ರ ಜೊತೆ ಹೋಲಿಸಿ. ಇಬ್ಬರಲ್ಲೂ ಇರುವ ಮಾತು ಮೆಗಸ್ತನೀಸನದೆಂದು ಹೆಚ್ಚು ಧೈರ್ಯವಾಗಿ ಬರೆಯಬಹುದು. ಒಬ್ಬರಲ್ಲೇ ಇದ್ದರೆ ಜೋಪಾನ. ಪ್ರಾಚೀನ ಗ್ರೀಕ್ ಬರಹದಲ್ಲಿ ಇಂದಿನಂಥ ಉದ್ಧರಣ ಚಿಹ್ನೆ ಇರಲಿಲ್ಲ, ಸ್ಟ್ರಾಬೊನ ಸ್ವಂತ ಮಾತು ಎಲ್ಲಿ ಸೇರಿತೋ ಖಚಿತವಿಲ್ಲ.

ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಯೊಡೋರಸ್‌ನ 2.35–42 ಅನ್ನು ಮೆಗಸ್ತನೀಸನದೆಂದು ಉಲ್ಲೇಖಿಸುವಾಗ ‘ಬಹುಶಃ’ ಸೇರಿಸಲೇಬೇಕು, ಅಲ್ಲಿ ಮೆಗಸ್ತನೀಸನ ಹೆಸರೇ ಇಲ್ಲ.

ಅಡಿಟಿಪ್ಪಣಿ ಹೀಗಿರಲಿ (ಯಾಕೋಬಿಯ 19ರಲ್ಲಿ ‘ಬಿ’ ಅನ್ನೋದು ಸ್ಟ್ರಾಬೊನ ಪಾಠ): ಸ್ಟ್ರಾಬೊ 15.1.39 = ಯಾಕೋಬಿ 715, ತುಣುಕು 19ಬಿ = ಶ್ವಾನ್‌ಬೆಕ್ 33.