ಮಳೆಗಾಲದಲ್ಲಿ ಅಂಗಳದ ಕಾರಂಜಿ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಂಗಳದಲ್ಲಿ ಕಳೆದ ವರ್ಷ ಜಂಬಿಟ್ಟಿಗೆ ಕಲ್ಲಿನ ಕಾರಂಜಿ ಕಟ್ಟಿಸಿ, ಬಾವಿಯ ನೀರು ತುಂಬಿಸಿದ್ದೇವೆ. ಮಳೆ ಹಿಡಿದ ಮೇಲೆ ತೊಟ್ಟಿಯ ನೀರು ಹಸಿರುಗಟ್ಟಿದೆ, ನೀರು ಚಿಮ್ಮುವ ಎತ್ತರ ಅರ್ಧಕ್ಕೆ ಇಳಿದಿದೆ, ಪಂಪು ಗರಗರ ಸದ್ದು ಮಾಡುತ್ತದೆ. ಕರೆಂಟು ಹೋಗಿ ಕಾರಂಜಿ ನಿಂತಾಗ ಸೊಳ್ಳೆಮರಿಗಳೂ ಕಾಣುತ್ತವೆ. ತೋಟಕ್ಕೆ ತಂದು ಉಳಿದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಸ್ವಲ್ಪ ಹಾಕಿದರೆ ಪಾಚಿ ಸಾಯುತ್ತದೆ ಎಂದು ನೆರೆಯವರು ಹೇಳುತ್ತಾರೆ. ಹಾಕಬಹುದೇ?

ಉತ್ತರ: ಮೈಲುತುತ್ತವನ್ನು ದಯವಿಟ್ಟು ಹಾಕಬೇಡಿ. ಅದು ಪಾಚಿಯನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತದ ಜೊತೆ 1 ಕಿಲೋ ಸುಣ್ಣವೂ ಇರುತ್ತದೆ. ಆ ಸುಣ್ಣವೇ ತಾಮ್ರದ ತೀಕ್ಷ್ಣತೆಯನ್ನು ಹಿಡಿದಿಡುತ್ತದೆ. ಕಾರಂಜಿಯ ತೊಟ್ಟಿಗೆ ಬರಿಯ ಮೈಲುತುತ್ತ ಬಿದ್ದರೆ ಅಂಥ ತಡೆ ಇರುವುದಿಲ್ಲ. ಮಳೆನೀರಿನಂಥ ಮೆದು ನೀರಿನಲ್ಲಿ ತಾಮ್ರವು ಮೀನುಗಳಿಗೆ ಇನ್ನಷ್ಟು ವಿಷಕಾರಿಯಾಗುತ್ತದೆ. ಕಪ್ಪೆಮರಿ, ಬಸವನಹುಳು, ನೀರು ಕುಡಿಯಲು ಬರುವ ಹಕ್ಕಿ, ಕೊನೆಗೆ ಆ ನೀರನ್ನು ಚೆಲ್ಲಿದ ಮಣ್ಣು, ಇವೆಲ್ಲವನ್ನೂ ನೆನೆದರೆ ಒಂದಿಷ್ಟು ಪಾಚಿಗಾಗಿ ತೆರುವ ಬೆಲೆ ಅತಿಯಾಯಿತು. ಸತ್ತ ಪಾಚಿ ತೊಟ್ಟಿಯಲ್ಲೇ ಕೊಳೆತು, ಮುಂದಿನ ಪಾಚಿಗೆ ಗೊಬ್ಬರವೂ ಆಗುತ್ತದೆ.

ಪಾಚಿಗೆ ಬೇಕಾದುದು ಬೆಳಕು ಮತ್ತು ಪೋಷಕಾಂಶ. ಮೋಡದ ಬೆಳಕೇ ಅದಕ್ಕೆ ಸಾಕಾಗುವುದರಿಂದ, ನೀವು ತಡೆಯಬಹುದಾದುದು ಎರಡನೆಯದನ್ನು: ಕೊಳೆಯುವ ಎಲೆ ಮತ್ತು ಅಂಗಳದಿಂದ ಸಿಡಿದು ಬರುವ ರಾಡಿ. ತೊಟ್ಟಿಯ ಅಂಚು ನೆಲಮಟ್ಟದಲ್ಲಿದ್ದರೆ ಒಂದು ಸಾಲು ಕಲ್ಲು ಏರಿಸಿ, ಹರಿದು ಬರುವ ನೀರು ಒಳಗೆ ಸೇರದಂತೆ ಮಾಡಿರಿ. ಈಗಿನ ನೀರನ್ನು ಪೂರ್ತಿ ಖಾಲಿ ಮಾಡಿ, ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕಿರಿ. ಸೋಪಿನ ಪುಡಿ ಬೇಡ; ನೊರೆಯೂ ನಿಲ್ಲದು, ರಂಧ್ರಗಳಿರುವ ಜಂಬಿಟ್ಟಿಗೆ ಅದನ್ನು ಹೀರಿಕೊಂಡು ದಿನಗಟ್ಟಲೆ ಬಿಡುತ್ತಿರುತ್ತದೆ.

ಪಂಪಿನ ಸದ್ದು ಮತ್ತು ನೀರಿನ ಎತ್ತರ ಕುಸಿದಿರುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಪ್ಲಗ್ ಕಿತ್ತ ಮೇಲೆಯೇ ಕೈ ನೀರಿಗಿಳಿಸಿ, ಪಂಪಿನ ಮುಂಭಾಗದ ಜಾಲರಿ ಮತ್ತು ಸ್ಪಂಜನ್ನು ತೆಗೆದು ತೊಳೆಯಿರಿ. ಒಳಗೆ ತಿರುಗುವ ಸಣ್ಣ ಚಕ್ರವನ್ನು ಹೊರಕ್ಕೆಳೆದು ನೋಡಿದರೆ ಅದರ ಕಡ್ಡಿಗೆ ನಾರೋ ಲೋಳೆಯೋ ಸುತ್ತಿಕೊಂಡಿರುವುದು ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಬಿಡಿಸಿರಿ. ಬಳಿಕವೂ ಗರಗರ ಸದ್ದು ನಿಲ್ಲದಿದ್ದರೆ ಪಂಪು ಗಾಳಿ ಎಳೆಯುತ್ತಿದೆಯೇ ಎಂದು ಪರೀಕ್ಷಿಸಿರಿ. ಈ ಬಗೆಯ ಪಂಪು ಸದಾ ಪೂರ್ಣವಾಗಿ ಮುಳುಗಿರಬೇಕು, ಏಕೆಂದರೆ ಸುತ್ತಲಿನ ನೀರೇ ಅದನ್ನು ತಂಪಾಗಿಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಸೊಳ್ಳೆಮರಿಯ ವಿಷಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಅದಕ್ಕೆ ಸುಮಾರು 7ರಿಂದ 10 ದಿನ ಸಾಕು. ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿನ ಮಟ್ಟದ ತುಸು ಮೇಲೆ ಒದ್ದೆ ಗೋಡೆಗೆ ಅಂಟಿದ ಅದರ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಗೋಡೆಯ ಆ ಪಟ್ಟಿಯನ್ನು ತಿಕ್ಕಲೇಬೇಕು. ಗಪ್ಪಿ ಮೀನುಗಳನ್ನು ಸಾಕುವುದಾದರೆ ಅವು ಮರಿಗಳನ್ನು ತಿನ್ನುತ್ತವೆ. ಆದರೆ ನೀರು ತುಂಬಿ ಹೊರಚೆಲ್ಲಿದಾಗ ಅವು ಹಳ್ಳ ಸೇರದಂತೆ ಜಾಲರಿ ಕಟ್ಟಿರಿ. ನಮ್ಮ ಹಳ್ಳಗಳ ಮೀನು, ಕಪ್ಪೆಗಳಿಗೆ ಹೊರಗಿನ ಮೀನಿನ ಪೈಪೋಟಿ ಬೇಡ.

ವಾರದ ಈ ಕೆಲಸ ಕೈಲಾಗದು ಎನಿಸಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಂಜಿಯನ್ನು ನಿಲ್ಲಿಸಿಬಿಡುವುದೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಆಗುಂಬೆಯಿರುವ ತಾಲ್ಲೂಕಿನಲ್ಲಿ ಖಾಲಿ ಮಾಡಿದ ತೊಟ್ಟಿ ಒಂದೇ ರಾತ್ರಿಯಲ್ಲಿ ಮತ್ತೆ ತುಂಬೀತು. ಹಾಗಾಗಿ ತಳದಲ್ಲಿ ಬಿರಡೆ ಹಾಕುವಂಥ ತೂತೊಂದನ್ನು ಇರಿಸಿ, ಮಳೆಗಾಲ ಮುಗಿಯುವವರೆಗೆ ಅದನ್ನು ತೆರೆದಿಡಿರಿ. ಪಂಪನ್ನು ತೊಳೆದು ಒಣಗಿಸಿ ಒಳಗಿಡಿರಿ. ನಡೆಸುವುದೇ ಆದರೆ ಆ ಲೈನಿಗೆ 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದರೆ ಕರೆಂಟು ಕಡಿಯುವ ಸ್ವಿಚ್ಚನ್ನು (ಆರ್‌ಸಿಸಿಬಿ) ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿರಿ, ಗುಡುಗು ಶುರುವಾದೊಡನೆ ಪ್ಲಗ್ ಕೀಳಿರಿ.

ಪ್ರಶ್ನೆ: ಶಿವಮೊಗ್ಗ ನಗರದ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರಿನ ಪುಟ್ಟ ಕಾರಂಜಿಯಿದೆ. ಕಲ್ಲಿನ ಮೇಲೂ ನೀರು ಚಿಮ್ಮುವ ತೂತುಗಳಲ್ಲೂ ಬಿಳಿ ಪದರ ಕಟ್ಟುತ್ತಿದೆ. ಏನು ಮಾಡಬೇಕು?

ಉತ್ತರ: ಅದು ಗಡಸು ನೀರಿನ ಸುಣ್ಣದಂಶ. ನೀರು ಆವಿಯಾದಾಗ ಲವಣ ಹಿಂದುಳಿಯುತ್ತದೆ. ಕಡಿಮೆಯಾದಷ್ಟು ನೀರನ್ನೇ ಮತ್ತೆ ಮತ್ತೆ ತುಂಬಿಸುತ್ತಿದ್ದರೆ ಆ ಲವಣ ಸಾಂದ್ರವಾಗುತ್ತಲೇ ಹೋಗುವುದರಿಂದ, ಆಗಾಗ ಒಂದಿಷ್ಟು ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕಿರಿ. ಮೊದಲ ಮಳೆಗಳು ಮಾಡನ್ನು ತೊಳೆದ ನಂತರ ಹಿಡಿದಿಟ್ಟ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕಟ್ಟಿಕೊಂಡ ತೂತಿನ ಬಿಡಿಭಾಗವನ್ನು ಬಿಚ್ಚಿ, ವಿನೆಗರ್‌ನಲ್ಲೋ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲೋ ಕೆಲವು ಗಂಟೆ ನೆನೆಸಿ ತೊಳೆಯಿರಿ. ಕಲ್ಲು ಅಮೃತಶಿಲೆಯಾಗಿದ್ದರೆ ಹುಳಿ ಮುಟ್ಟಿಸಬೇಡಿ, ಅದು ಕಲ್ಲನ್ನೇ ತಿನ್ನುತ್ತದೆ. ಹುಳಿ ಬಳಸಿದ ಕಡೆ ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬಾರದು; ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.